ಭಾನುವಾರದ ಅಪ್ಪ

ವಾರಕ್ಕೊಮ್ಮೆ ಮನೆಗೆ ಬರುವ ತಂದೆ ಒಂದೂವರೆ-ಎರಡು ವರ್ಷದ ಮಗುವಿಗೆ ಅರ್ಧ ಅಪ್ಪ, ಅರ್ಧ ನೆಂಟ. ಆ ಒಂದು ದಿನದ ರಜೆಯನ್ನು ಅವನು ಹೇಗೆ ಕಳೆದರೆ ಚೆನ್ನ? ತುಂಗಾತೀರದ ನೆಮ್ಮಾರಿನ ತೋಟದ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ಒಂದಿಷ್ಟು ಮಾತು.

ತುಂಗೆಯ ಕಣಿವೆಯಲ್ಲಿ ಮಗುವನ್ನು ಸಾಕಿ ಬೆಳೆಸಿದ ಮೊದಲ ಅಪ್ಪ ಯಾರು? ಶೃಂಗೇರಿ ಸೀಮೆಯ ಯಾವ ಅಜ್ಜಿಯನ್ನು ಕೇಳಿದರೂ ಥಟ್ಟನೆ ಹೇಳಿಯಾರು: ವಿಭಾಂಡಕ ಮುನಿ. ತಾಯಿಯ ಮಡಿಲು ಕಾಣದ ಹಸುಳೆ ಋಷ್ಯಶೃಂಗನನ್ನು ಕಾಡಿನ ಆಶ್ರಮದಲ್ಲಿ ಒಬ್ಬನೇ ಸಾಕಿದವನು ಆತ. ಆ ಮಗನಿಂದಲೇ ಊರಿಗೆ ಶೃಂಗೇರಿ ಎಂಬ ಹೆಸರು ಬಂತೆನ್ನುತ್ತದೆ ಸ್ಥಳಪುರಾಣ. ಪೇಟೆಯ ನಡುವಿನ ಗುಡ್ಡದ ಮೇಲಿರುವ ಮಲಹಾನಿಕರೇಶ್ವರನ ಲಿಂಗದಲ್ಲಿ ಅಪ್ಪ ಐಕ್ಯನಾದನಂತೆ. ಅಲ್ಲಿಂದ ಸುಮಾರು 10 ಕಿಲೋಮೀಟರ್ ದೂರದ ಕಿಗ್ಗದಲ್ಲಿ ಮಗ ಮಳೆದೇವರಾಗಿ ನೆಲೆಸಿದ್ದಾನೆ.

ಮಹಾಭಾರತದ ವನಪರ್ವದಲ್ಲಿ ಈ ತಂದೆ-ಮಗನ ಕಥೆ ಬರುತ್ತದೆ. ಅದರಲ್ಲೊಂದು ಪುಟ್ಟ ಸನ್ನಿವೇಶ. ಕಾಡಿಗೆ ಹೋಗಿದ್ದ ವಿಭಾಂಡಕ ಆಶ್ರಮಕ್ಕೆ ಮರಳುತ್ತಾನೆ. ಬೆಳೆದ ಮಗನ ಮುಖ ನೋಡಿದೊಡನೆ ಅವನಿಗೆ ಗೊತ್ತಾಗಿಬಿಡುತ್ತದೆ, ಇವತ್ತು ಇವನು ಎಂದಿನಂತಿಲ್ಲ ಎಂದು. ಸಮಿತ್ತು ಸಿದ್ಧವಾಗಿಲ್ಲ, ಹೋಮದ ಸಾಮಗ್ರಿ ತೊಳೆದಿಲ್ಲ, ಹುಡುಗ ಎಲ್ಲೋ ನೋಡುತ್ತ ಕೂತಿದ್ದಾನೆ. ಇಲ್ಲಿಗೆ ಇವತ್ತು ಯಾರೋ ಬಂದಿರಬೇಕೆಂದು ಅಪ್ಪ ಊಹಿಸುತ್ತಾನೆ, ಕೇಳುತ್ತಾನೆ.

ಕಥೆ ಮುಂದೆ ಎತ್ತ ಹೋಯಿತೆಂಬುದು ಎಲ್ಲರಿಗೂ ಗೊತ್ತು. ನಮಗಿಲ್ಲಿ ಬೇಕಾದದ್ದು ಆ ಒಂದು ನೋಟ ಮಾತ್ರ. ಮುಖ ಕಂಡೊಡನೆ ಮಗನ ಮನಸ್ಸನ್ನು ಓದುವ ಆ ಕಣ್ಣು ವಿಭಾಂಡಕನಿಗೆ ತಪಸ್ಸಿನಿಂದ ಬಂದದ್ದಲ್ಲ, ದಿನದಿನವೂ ಜೊತೆಗಿದ್ದುದರಿಂದ ಬಂದದ್ದು. ಹಾಗಾದರೆ ದಿನದಿನವೂ ಜೊತೆಗಿರಲಾಗದ ಅಪ್ಪ ಏನು ಮಾಡಬೇಕು? ಅವನಿಗಿರುವುದು ವಾರದಲ್ಲಿ ಒಂದೇ ದಿನ!

ವಾರದ ನೆಂಟ

ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಶೃಂಗೇರಿಯ ಶಾರದೆಯ ಪಾದ ತೊಳೆಯುವ ಮೊದಲೇ ನೆಮ್ಮಾರಿನ ತೋಟಗಳ ಪಕ್ಕದಲ್ಲಿ ಹರಿದು ಬರುತ್ತಾಳೆ. ಶೃಂಗೇರಿಯಿಂದ ಕೆರೆಕಟ್ಟೆ ದಾಟಿ, ಘಟ್ಟ ಇಳಿದು ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಇದು. ಅಡಿಕೆ, ಕಾಫಿ, ಕಾಳುಮೆಣಸು. ತಗ್ಗಿನಲ್ಲಿ ಗದ್ದೆ, ಎತ್ತರದಲ್ಲಿ ಕಾಡು. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹಸಿರು ಇಲ್ಲಿಂದ ಬಹಳ ದೂರವೇನಲ್ಲ. ಮನೆಯಿಂದ ಮನೆಗೆ ಕೂಗಿದರೆ ಕೇಳದಷ್ಟು ಅಂತರ.

ಇಂಥ ಊರುಗಳ ಓದಿದ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರು, ಮಂಗಳೂರು, ಶಿವಮೊಗ್ಗ ಸೇರುವುದು ಮಲೆನಾಡಿಗೆ ಹೊಸತಲ್ಲ. ಹೆಂಡತಿ, ಮಗು ಕೆಲಕಾಲ ಊರಿನಲ್ಲೇ ಉಳಿಯುವುದೂ ಹೊಸತಲ್ಲ. ಶನಿವಾರ ರಾತ್ರಿಯ ಬಸ್ಸು ಹತ್ತಿ, ಭಾನುವಾರ ಬೆಳಗ್ಗೆ ಶೃಂಗೇರಿಯಲ್ಲಿಳಿದು ನೆಮ್ಮಾರು ಸೇರುವ ಅಪ್ಪನಿಗೆ ಕೈಯಲ್ಲೊಂದು ಆಟಿಕೆ, ಮನಸ್ಸಿನಲ್ಲಿ ಮಗು ಓಡಿಬಂದು ತಬ್ಬಿಕೊಳ್ಳುವ ಚಿತ್ರ. ಜಗಲಿ ಹತ್ತಿದರೆ ಆಗುವುದೇ ಬೇರೆ! ಮಗು ಅಮ್ಮನ ಸೆರಗು ಹಿಡಿದು ಹಿಂದೆ ಸರಿಯುತ್ತದೆ. 'ಅಪ್ಪಯ್ಯ ಬಂದ್ರು ನೋಡು' ಎಂದು ಅಜ್ಜಿ ಎಷ್ಟು ಹೇಳಿದರೂ ಒಂದು ಕಣ್ಣಷ್ಟೇ ಸೆರಗಿನಾಚೆ ಇಣುಕುತ್ತದೆ. ಅಪ್ಪ ನಗುತ್ತಾನೆ. ಒಳಗೊಳಗೇ ಎಲ್ಲೋ ಚುರುಕ್ಕೆನ್ನುತ್ತದೆ.

ಊರು ಬಿಡದ ಅಪ್ಪಂದಿರೂ ಇದಕ್ಕೆ ಪೂರ್ತಿ ಹೊರತಲ್ಲ. ಕೊಯ್ಲಿನ ಕಾಲದಲ್ಲಿ ಬೆಳಗಾಗುವ ಮೊದಲೇ ತೋಟಕ್ಕಿಳಿದು, ರಾತ್ರಿ ಮಗು ಮಲಗಿದ ಮೇಲೆ ಅಡಿಕೆ ಬೇಯಿಸಿ ಮುಗಿಸುವವನು ಮನೆಯಲ್ಲಿದ್ದೂ ಇಲ್ಲದವನೇ. ಶೃಂಗೇರಿಯಲ್ಲಿ ಅಂಗಡಿ ಇಟ್ಟವನಿಗೂ, ಬಸ್ಸು ಓಡಿಸುವವನಿಗೂ ಇದೇ ಮಾತು.

ಮಗುವಿನ ಈ ಹಿಂಜರಿಕೆ ಮುನಿಸಲ್ಲ, ಮರೆವೂ ಅಲ್ಲ. ಸುಮಾರು ಎಂಟು-ಒಂಬತ್ತು ತಿಂಗಳಿಂದ ಶುರುವಾಗಿ ಎರಡನೆಯ ವರ್ಷದವರೆಗೂ ಮಕ್ಕಳು ಹೊಸ ಮುಖ ಕಂಡರೆ ಅಮ್ಮನಿಗೆ ಅಂಟಿಕೊಳ್ಳುವುದು ಬೆಳವಣಿಗೆಯ ಒಂದು ಮೆಟ್ಟಿಲು. ನಮ್ಮವರು, ಹೊರಗಿನವರು ಎಂಬ ಎಣಿಕೆ ಅದರ ತಲೆಯಲ್ಲಿ ಆಗತಾನೆ ಮೂಡಿರುತ್ತದೆ. ಅಪ್ಪ ಆ ಗೆರೆಯ ಮೇಲೇ ನಿಂತಿದ್ದಾನೆ. ಯಾವ ಕಡೆ ಕಾಲಿಡುತ್ತಾನೆ ಎಂಬುದನ್ನು ಆ ಭಾನುವಾರ ತೀರ್ಮಾನಿಸುತ್ತದೆ.

ಆಕಾಶಕ್ಕೆ ಹಾರಿಸುವ ಮುನ್ನ

ಹೆಚ್ಚಿನ ಅಪ್ಪಂದಿರು ಮಾಡುವ ಮೊದಲ ಕೆಲಸ, ಮಗುವನ್ನು ಬಾಚಿ ಎತ್ತಿ ಮೇಲಕ್ಕೆ ಹಾರಿಸುವುದು. ಮಗು ಕಿಲಕಿಲ ನಕ್ಕರೆ ಗೆದ್ದೆ ಎಂದುಕೊಳ್ಳುತ್ತಾರೆ, ಅತ್ತರೆ ಅಮ್ಮನ ಕೈಗೆ ಕೊಟ್ಟು ಪೇಪರ್ ಹಿಡಿಯುತ್ತಾರೆ.

ಮಧ್ಯ ಆಫ್ರಿಕದ ಕಾಡುಗಳಲ್ಲಿ 'ಅಕಾ' ಎಂಬ ಬೇಟೆಗಾರ ಜನರಿದ್ದಾರೆ. ಗಂಡು-ಹೆಣ್ಣು ಕೂಡಿಯೇ ಬಲೆ ಹಿಡಿದು ಬೇಟೆಗೆ ಹೋಗುವವರು, ಎಳೆಗೂಸನ್ನೂ ಜೊತೆಗೊಯ್ಯುವವರು. ಅವರ ನಡುವೆ ಇದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಬ್ಯಾರಿ ಹ್ಯೂಲೆಟ್ 1991ರಲ್ಲಿ ಒಂದು ಪುಸ್ತಕ ಬರೆದರು. ಅಕಾ ಅಪ್ಪಂದಿರು ದಿನದ ಹತ್ತಿರಹತ್ತಿರ ಅರ್ಧದಷ್ಟು ಹೊತ್ತು ಮಗುವಿಗೆ ಕೈಗೆಟುಕುವಷ್ಟು ದೂರದಲ್ಲೇ ಇರುತ್ತಾರೆ ಎಂಬುದು ಅವರು ಕಂಡ ಸಂಗತಿ. ಅದಕ್ಕಿಂತ ಸ್ವಾರಸ್ಯದ ಮಾತು ಇನ್ನೊಂದಿದೆ. ಆ ಅಪ್ಪಂದಿರು ಮಗುವನ್ನು ಹಾರಿಸಿ, ಕುಲುಕಿ, ಗದ್ದಲದ ಆಟ ಆಡಿಸುವುದು ಬಹಳ ಕಡಿಮೆ. ಏಕೆ? ಅವರಿಗೆ ಅದರ ಅಗತ್ಯವೇ ಇಲ್ಲ ಎನ್ನುತ್ತಾರೆ ಹ್ಯೂಲೆಟ್. ಅಪರೂಪಕ್ಕೆ ಸಿಗುವ ಅಪ್ಪ ಸ್ವಲ್ಪ ಹೊತ್ತಿನಲ್ಲೇ ಮಗುವಿನ ಗಮನ ಸೆಳೆಯಬೇಕು, ಅದಕ್ಕೆ ಅವನು ಗದ್ದಲ ಎಬ್ಬಿಸುತ್ತಾನೆ. ಸದಾ ಜೊತೆಗಿರುವವನಿಗೆ ಮಗುವಿನ ಸಣ್ಣ ಸನ್ನೆಯೂ ತಿಳಿಯುತ್ತದೆ.

ಹಾಗೆಂದು ಹಾರಿಸುವ ಆಟವೇ ಕೆಟ್ಟದ್ದೆಂದಲ್ಲ. ತುಸು ದೊಡ್ಡದಾದ ಮಗು ಅಪ್ಪನ ಹೆಗಲೇರಿ ಕುಣಿಯುವುದು ಎಂಥ ಸೊಗಸು! ಆದರೆ ಅದು ಗೆಳೆತನವಾದ ಮೇಲಿನ ಮಾತು. ಬಂದ ಗಳಿಗೆಯಲ್ಲಿ ಅಪ್ಪ ಮಾಡಬೇಕಾದದ್ದು ಬಹಳ ಸುಲಭದ ಕೆಲಸ: ಕಾಲು ತೊಳೆದು ಬಂದು ಜಗಲಿಯಲ್ಲಿ ನೆಲದ ಮೇಲೆ ಕೂರುವುದು. ನಿಂತ ಅಪ್ಪ ಮಗುವಿನ ಕಣ್ಣಿಗೆ ಅಡಿಕೆ ಮರದಷ್ಟು ಎತ್ತರ, ಕೂತ ಅಪ್ಪ ಕೈಗೆ ಸಿಗುವವನು. ಕಾಫಿ ಕುಡಿಯುತ್ತ ಕೂತಿದ್ದರೆ ಸ್ವಲ್ಪ ಹೊತ್ತಿಗೆ ಒಂದು ಚಮಚವೋ, ಮುರುಕು ಬಳೆಯೋ, ಗೋಟಡಿಕೆಯೋ ಹಿಡಿದುಕೊಂಡು ಮಗುವೇ ಹತ್ತಿರ ಬರುತ್ತದೆ. ಕೊಟ್ಟದ್ದನ್ನು ತೆಗೆದುಕೊಳ್ಳಿ, ಮರಳಿ ಕೊಡಿ. ಅದು ಮತ್ತೆ ಕೊಡುತ್ತದೆ, ನೀವು ಮತ್ತೆ ಕೊಡಿ. ಈ 'ತಗೋ-ಕೊಡು' ಆಟವೇ ಮನುಷ್ಯರ ಮಾತುಕತೆಯ ಬೇರು.

ಅಕ್ಕಿ ಎಂದರೆ ಯಾವುದು?

ಬೆಳಗಿನ ತಿಂಡಿಯಾದ ಮೇಲೆ ಮಗುವಿನ ಬೆರಳು ಹಿಡಿದು ಅಂಗಳಕ್ಕಿಳಿಯಿರಿ. ತೋಟದವರೆಗೆ ನಡೆಯಲು ದೊಡ್ಡವರಿಗೆ ಐದು ನಿಮಿಷ ಸಾಕು, ಎರಡು ವರ್ಷದ ಮಗುವಿಗೆ ಒಂದು ಗಂಟೆಯೂ ಸಾಲದು. ನಡುವೆ ಇರುವೆ ಸಾಲಿದೆ, ಕೊಟ್ಟಿಗೆಯ ಕರುವಿದೆ, ಉದುರಿದ ಹಾಳೆಯಿದೆ, ಕಾಲುವೆಯ ನೀರಿದೆ. ಎಲ್ಲದರ ಮುಂದೆಯೂ ಮಗು ನಿಲ್ಲುತ್ತದೆ, ಬೆರಳು ಮಾಡಿ ತೋರಿಸುತ್ತದೆ, ತಿರುಗಿ ಅಪ್ಪನ ಮುಖ ನೋಡುತ್ತದೆ. 'ನಾನು ಕಂಡದ್ದನ್ನು ನೀನೂ ಕಂಡೆಯಾ?' ಎಂಬುದೇ ಆ ನೋಟದ ಅರ್ಥ. ಇಬ್ಬರೂ ಒಂದೇ ವಸ್ತುವನ್ನು ನೋಡುತ್ತಿರುವಾಗ ಕೇಳಿದ ಹೆಸರು ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ. ಶಾಲೆಗೆ ಹೋಗುವ ಎಷ್ಟೋ ಮೊದಲೇ ನಡೆಯುವ ಮೊದಲ ಪಾಠ ಇದು. 'ಬೇಗ ಬಾ' ಎಂದು ಎಳೆದರೆ ಪಾಠ ಅಲ್ಲಿಗೇ ಮುಗಿಯಿತು.

ಇಲ್ಲೊಂದು ವಿಚಿತ್ರವಿದೆ. ವಾರವೆಲ್ಲ ಜೊತೆಗಿರದ ಅಪ್ಪನಿಗೆ ಮಗುವಿನ ಭಾಷೆ ಅರ್ಧ ಅರ್ಥವಾಗುವುದಿಲ್ಲ. ಮಗು 'ಅಕ್ಕಿ' ಎನ್ನುತ್ತದೆ. ಅಮ್ಮನಾದರೆ ಕೇಳಿದೊಡನೆ ಅದು ಅಂಗಳದ ಹಕ್ಕಿಯೋ ಡಬ್ಬದ ಅಕ್ಕಿಯೋ ತಿಳಿದುಕೊಂಡುಬಿಡುತ್ತಾಳೆ. ಅಪ್ಪ ಕಣ್ಣು ಬಿಡುತ್ತಾನೆ. 'ಯಾವ ಅಕ್ಕಿ ಪುಟ್ಟಾ? ಅನ್ನದ್ದಾ, ಹಾರೋದಾ?' ಎಂದು ಕೇಳುತ್ತಾನೆ. ಮಗು ಎರಡೂ ಕೈ ಬಡಿದು ತೋರಿಸುತ್ತದೆ, 'ಮೇಯೆ ಅಕ್ಕಿ' ಎನ್ನುತ್ತದೆ. ಓಹೋ, ಮೇಲೆ ಹಾರುವ ಹಕ್ಕಿ! ಒಂದು ಪದ ಎರಡಾಯಿತು.

ಅಪ್ಪನಿಗೆ ಅರ್ಥವಾಗದಿರುವುದರಿಂದಲೂ ಮಗುವಿಗೆ ಲಾಭವಿದೆ ಎಂಬ ಮಾತನ್ನು ಅಮೆರಿಕದ ಭಾಷಾ ಮನೋವಿಜ್ಞಾನಿ ಜೀನ್ ಬರ್ಕೋ ಗ್ಲೀಸನ್ 1975ರಲ್ಲೇ ಆಡಿದ್ದರು. ಅವರ ಆ ಲೇಖನದ ಹೆಸರೇ 'ಅಪ್ಪಂದಿರು ಮತ್ತು ಇತರ ಅಪರಿಚಿತರು' ಎಂಬರ್ಥದ್ದು! ಅಮ್ಮ ಮಗುವಿನ ಅರೆ ಮಾತನ್ನೂ ಪೂರ್ತಿಯಾಗಿ ಗ್ರಹಿಸುತ್ತಾಳೆ. ಅಪ್ಪ ಅರ್ಥವಾಗದೆ ಮತ್ತೆ ಕೇಳುತ್ತಾನೆ, ತಾನೂ ತುಸು ಕಷ್ಟದ ಪದ ಬಳಸುತ್ತಾನೆ. ಅವನಿಗೆ ತಿಳಿಸಲು ಮಗು ಇನ್ನಷ್ಟು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ನಾಳೆ ಅಂಗಡಿಯವನೊಡನೆ, ಟೀಚರೊಡನೆ ಮಾತಾಡಲು ಇದು ಅಭ್ಯಾಸ. ಹೀಗೆ ಅಪ್ಪ ಹೊರಲೋಕಕ್ಕೆ ಒಂದು ಸೇತುವೆ ಎಂಬುದು ಅವರ ಊಹೆ. ಎಲ್ಲ ಮನೆಗಳಲ್ಲೂ ಹೀಗೇ ಎನ್ನಲಾಗದು. ವಾರವೆಲ್ಲ ಮಗುವನ್ನು ನೋಡಿಕೊಳ್ಳುವ ಅಪ್ಪಂದಿರೂ ಇದ್ದಾರೆ, ಅವರು ಅಮ್ಮನಷ್ಟೇ ಚೆನ್ನಾಗಿ ಮಗುವಿನ ಮಾತು ಬಲ್ಲವರು. ಆದರೂ ನೆಮ್ಮಾರಿನವರಿಗೆ ಸೇತುವೆಯ ಈ ಹೋಲಿಕೆ ಬೇಗ ಅರ್ಥವಾದೀತು. ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಮರದ ಸಂಕ ಅವರಿಗೆ ಗೊತ್ತು. ಅದು ಈಚೆ ದಡವನ್ನೂ ಮುಟ್ಟಿರಬೇಕು, ಆಚೆ ದಡವನ್ನೂ ಮುಟ್ಟಿರಬೇಕು. ವಿಭಾಂಡಕ ಮಗನಿಗೆ ಹೊರಲೋಕ ಕಾಣದಂತೆ ಬೇಲಿಯಾದ. ಭಾನುವಾರದ ಅಪ್ಪ ಸಂಕವಾಗಬಹುದು. ಆದರೆ ಆಚೆ ದಡದಲ್ಲಷ್ಟೇ ನಿಂತವನು ಸಂಕವಾಗುವುದಿಲ್ಲ.

ಆಟಿಕೆಗಿಂತ ಹಾಳೆ ಮೇಲು

ರಜೆಯ ದಿನ ಮಗುವಿಗಾಗಿ ವಿಶೇಷವಾಗಿ ಏನಾದರೂ ಮಾಡಬೇಕೆಂದು ಅಪ್ಪನಿಗೆ ಅನ್ನಿಸುತ್ತದೆ. ಜಲಪಾತ, ಪೇಟೆ, ಐಸ್‌ಕ್ರೀಮು. ಆಗಾಗ ಶೃಂಗೇರಿಗೆ ಹೋಗಿ, ಮಠದ ಬಳಿ ತುಂಗೆಯಲ್ಲಿ ಹಿಂಡುಗಟ್ಟುವ ದೇವರ ಮೀನುಗಳನ್ನು ತೋರಿಸಿ ಬರುವುದು ಚೆನ್ನವೇ. ಆದರೆ ಎರಡು ವರ್ಷದ ಮಗುವಿಗೆ ಅಪ್ಪ ಮಾಡುವ ಮಾಮೂಲಿ ಕೆಲಸಕ್ಕಿಂತ ದೊಡ್ಡ ಜಾತ್ರೆಯಿಲ್ಲ.

ಅಂಗಳದಲ್ಲಿ ಹರಡಿದ ಅಡಿಕೆಯನ್ನು ಕಾಲಿನಿಂದ ಕೆದಕುವಾಗ ಮಗುವೂ ಹಿಂದೆ ಬಂದು ಕೆದಕಲಿ. ಹೂವಿನ ಗಿಡಕ್ಕೆ ನೀರು ಹಾಕುವಾಗ ಅದರ ಕೈಗೂ ಒಂದು ಲೋಟ ಕೊಡಿ. ಒಗೆದ ಬಟ್ಟೆ ಹರವುವಾಗ ಒಂದೊಂದೇ ಎತ್ತಿಕೊಡಲಿ. ಕೆಲಸ ಎರಡು ಪಾಲು ನಿಧಾನವಾಗುತ್ತದೆ, ನಿಜ. ರಜೆಯ ದಿನವಾದರೂ ನಿಧಾನಕ್ಕೆ ಜಾಗವಿರಲಿ. ದುಡ್ಡು ಕೊಟ್ಟು ತಂದ ಕಾರಿಗಿಂತ, ಅಡಿಕೆ ಹಾಳೆಯ ಮೇಲೆ ಕೂರಿಸಿ ಅಪ್ಪ ಅಂಗಳದ ತುಂಬ ಎಳೆದುಕೊಂಡು ಹೋಗುವ ಸವಾರಿ ಎಷ್ಟೋ ಮೇಲು ಎಂಬುದಕ್ಕೆ ಮಲೆನಾಡಿನಲ್ಲಿ ಬೆಳೆದ ಎಲ್ಲರೂ ಸಾಕ್ಷಿ.

ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ, ಆಟ ಬೇಕು, ಹಗಲಿನ ನಿದ್ದೆಯೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮೂರು ಗಂಟೆಯ ಆಟವೆಂದರೆ ಹೆಚ್ಚೆನಿಸಬಹುದು. ತೋಟದ ಮನೆಯಲ್ಲಿ ಅದು ಮಧ್ಯಾಹ್ನದೊಳಗೇ ಮುಗಿದಿರುತ್ತದೆ!

ತೋಟದ ಮನೆಯಲ್ಲಿ ಎಚ್ಚರವೂ ಬೇಕು. ಅಮ್ಮನಿಗೆ ಅಭ್ಯಾಸವಾದ ಈ ಎಚ್ಚರ ಒಂದು ದಿನದ ಅಪ್ಪನಿಗೆ ತಾನಾಗಿ ಬರುವುದಿಲ್ಲ. ಬಾವಿ, ಕೆರೆ, ನೀರಿನ ತೊಟ್ಟಿ ಮಾತ್ರವಲ್ಲ, ಒಂದು ಬಕೆಟ್ ನೀರೂ ಎಳೆಮಗುವಿಗೆ ಅಪಾಯ. ಮುಳುಗುವ ಮಗು ಕೂಗುವುದಿಲ್ಲ, ಸದ್ದೇ ಇಲ್ಲದೆ ಮುಳುಗುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ನೋಡಲು ಚಂದದ ನೀಲಿ, ಹೊಟ್ಟೆಗೆ ಹೋದರೆ ವಿಷ. ಸುಣ್ಣ, ಕಳೆನಾಶಕಗಳ ಜೊತೆಗೆ ಅದನ್ನೂ ಬೀಗ ಹಾಕಿದ ಕಡೆ ಇಡಬೇಕು. ಅಡಿಕೆ ಚೂರು, ಕಡಲೆಬೀಜ, ಹುಣಸೆಬೀಜ ಉಸಿರಿನ ಕೊಳವೆಗೆ ಸಿಕ್ಕಿಕೊಳ್ಳಬಹುದು. ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಸುದ್ದಿಯಿದ್ದರೆ ಕಾಡಂಚಿನ ತರಗೆಲೆಯಲ್ಲಿ ಮಗುವನ್ನು ಆಡಲು ಬಿಡಬಾರದು, ಉಣುಗು ಇರುವುದು ಅಲ್ಲೇ. ಮಗು ಜೊತೆಗಿರುವಾಗ ಕೈಯಲ್ಲಿ ಮೊಬೈಲು ಇಲ್ಲದಿದ್ದರೆ ಇದರಲ್ಲಿ ಮುಕ್ಕಾಲು ಪಾಲು ಎಚ್ಚರ ತಾನಾಗಿಯೇ ಬಂದಂತೆ.

ಅಳುವ ಹೊತ್ತು

ಎಲ್ಲ ಅಪ್ಪಂದಿರಿಗೂ ದಿನದಲ್ಲೊಂದು ಪರೀಕ್ಷೆಯ ಗಳಿಗೆ ಬರುತ್ತದೆ. ಹೆಚ್ಚಾಗಿ ಅದು ಸ್ನಾನ, ಊಟ, ನಿದ್ದೆಗಳ ನಡುವೆ ಎಲ್ಲೋ ಬರುತ್ತದೆ. ಮಗು ಅಳಲು ಶುರುಮಾಡುತ್ತದೆ. ಅಪ್ಪ ಎತ್ತಿಕೊಂಡರೆ ಅಳು ಜೋರಾಗುತ್ತದೆ. ಒಳಗಿನಿಂದ ಅಜ್ಜಿಯ ಧ್ವನಿ: 'ನಿಂಗೆ ಗೊತ್ತಾಗೋದಿಲ್ಲ ಮಾರಾಯ, ಕೊಡು ಇಲ್ಲಿ.'

ಕೊಟ್ಟುಬಿಡುವುದು ಸುಲಭ. ನಮ್ಮಲ್ಲಿ ಅದಕ್ಕೆ ಹಳೆಯ ರೂಢಿಯ ಬೆಂಬಲವೂ ಉಂಟು. ಕೂಡು ಕುಟುಂಬದ ಕಾಲದಲ್ಲಿ ಹಿರಿಯರ ಎದುರು ತನ್ನ ಮಗುವನ್ನು ತಾನೇ ಎತ್ತಿ ಮುದ್ದಾಡುವುದು ಗಂಡಸಿಗೆ ನಾಚಿಕೆಯ ವಿಷಯವಾಗಿತ್ತು. ಅಣ್ಣನ ಮಗುವನ್ನು ಚಿಕ್ಕಪ್ಪ ಎತ್ತಿಕೊಳ್ಳುತ್ತಿದ್ದ, ಅಪ್ಪ ದೂರದಿಂದ ನೋಡುತ್ತಿದ್ದ. ಅಂದಿನ ಮನೆಯಲ್ಲಿ ಎತ್ತಿಕೊಳ್ಳಲು ಹತ್ತು ಕೈಗಳಿದ್ದವು, ಆದ್ದರಿಂದ ನಡೆಯಿತು. ಇಂದಿನ ಮನೆಯಲ್ಲಿ ಇರುವುದು ಎರಡೋ ನಾಲ್ಕೋ ಕೈ.

ಅಳುವ ಮಗುವಿಗೆ ಹಸಿವೋ, ನಿದ್ದೆಯೋ, ಚಡ್ಡಿ ಒದ್ದೆಯೋ ಎಂದು ಅಪ್ಪ ತಾನೇ ಒಂದೊಂದಾಗಿ ನೋಡಬೇಕು. ಒಂದು ಸಲ ತಪ್ಪುತ್ತಾನೆ, ಎರಡನೆಯ ಸಲ ತಪ್ಪುತ್ತಾನೆ. ಹೆಗಲಿಗೆ ಹಾಕಿಕೊಂಡು ಜಗಲಿಯ ಉದ್ದಕ್ಕೂ ತಿರುಗುತ್ತ, ತೋಚಿದ್ದೊಂದು ಹಾಡನ್ನು ಗುನುಗುತ್ತ ಇದ್ದರೆ ಅಳು ಬಿಕ್ಕಾಗುತ್ತದೆ, ಬಿಕ್ಕು ಉಸಿರಾಗುತ್ತದೆ. ಅಮ್ಮನಿಲ್ಲದೆಯೂ ಸಮಾಧಾನವಾಗುತ್ತದೆ ಎಂಬುದು ಆವತ್ತು ಮಗುವಿಗೂ ಗೊತ್ತಾಗುತ್ತದೆ, ಅಪ್ಪನಿಗೂ ಗೊತ್ತಾಗುತ್ತದೆ. ಮಗು ಹೆದರಿ ನಡುಗುವಂತೆ ಅತ್ತರೆ ಹಟ ಬೇಡ, ಅಮ್ಮ ಪಕ್ಕದಲ್ಲಿ ಬಂದು ಕೂರಲಿ. ಆದರೆ ಮಗು ಅಪ್ಪನ ತೊಡೆಯ ಮೇಲೇ ಇರಲಿ.

ಸ್ನಾನದ ಕೆಲಸವೂ ಅವತ್ತು ಅಪ್ಪನದೇ. ಮಲೆನಾಡಿನ ಬಚ್ಚಲ ಹಂಡೆಯ ನೀರಿನ ಬಿಸಿ ಎಂಥದೆಂದು ಹೇಳಬೇಕಿಲ್ಲ. ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸಿ, ಅಂಗೈಯಲ್ಲಲ್ಲ, ಮೊಣಕೈ ಅದ್ದಿ ನೋಡಬೇಕು. ದುಡಿದ ಅಂಗೈಗೆ ಹದವೆನಿಸಿದ ನೀರು ಎಳೆ ಚರ್ಮಕ್ಕೆ ಸುಡುತ್ತದೆ.

ಮಗುವನ್ನು ನೋಡಿಕೊಳ್ಳುವುದು ಹೆಂಗಸರಿಗೆ ಹುಟ್ಟಿನಿಂದ ಬಂದದ್ದು, ಗಂಡಸರಿಗೆ ಬಾರದ್ದು ಎನ್ನುವವರು ಒಂದು ಸಂಗತಿ ತಿಳಿದಿರಬೇಕು. ಫಿಲಿಪ್ಪೀನ್ಸ್ ದೇಶದ ಸೆಬುವಿನಲ್ಲಿ 624 ತರುಣರನ್ನು 2005ರಿಂದ 2009ರವರೆಗೆ ಗಮನಿಸಿ, ಲೀ ಗೆಟ್ಲರ್ ಎಂಬ ಮಾನವಶಾಸ್ತ್ರಜ್ಞ ಮತ್ತು ಸಂಗಡಿಗರು 2011ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ತಂದೆಯಾದವರಲ್ಲಿ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನಿನ ಪ್ರಮಾಣ ಗಣನೀಯವಾಗಿ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಮಗುವಿನ ಆರೈಕೆ ಮಾಡುತ್ತಿದ್ದವರಲ್ಲಿ ಅದು, ಆರೈಕೆಯಲ್ಲಿ ತೊಡಗದ ತಂದೆಯರಿಗಿಂತಲೂ ಕಡಿಮೆಯಿತ್ತು. ಅಂದರೆ ಮಗುವನ್ನು ಎತ್ತಿಕೊಂಡ ಗಂಡಸಿನ ಮೈಯೇ ಆ ಕೆಲಸಕ್ಕೆ ಹೊಂದಿಕೊಳ್ಳುತ್ತದೆ. ಅಪ್ಪನೂ ಹುಟ್ಟಿಕೊಳ್ಳುವವನಲ್ಲ, ಆಗುವವನು.

ಅಮ್ಮನ ಎರಡು ಗಂಟೆ

ಮಧ್ಯಾಹ್ನ ಗಂಜಿಯೋ, ತುಪ್ಪ ಕಲಸಿದ ಮೆತ್ತನೆಯ ಅನ್ನವೋ ಮಗುವಿನ ಹೊಟ್ಟೆ ಸೇರಿ, ಮುಖಕ್ಕೂ ನೆಲಕ್ಕೂ ಅಷ್ಟಷ್ಟು ಮೆತ್ತಿ, ಅಂತೂ ಕಣ್ಣು ಎಳೆಯತೊಡಗುತ್ತದೆ. ಅಪ್ಪನ ಎದೆಯ ಮೇಲೆ ಮಲಗಿದ ಮಗುವಿನ ಭಾರ ಅನುಭವಿಸಿದವನಿಗೇ ಗೊತ್ತು. ಈ ಹೊತ್ತಿನಲ್ಲಿ ಮನೆಯ ಇನ್ನೊಬ್ಬರ ಬಗ್ಗೆ ಯೋಚಿಸಬೇಕು.

ಭಾರತ ಸರ್ಕಾರದ ಸಮಯ ಬಳಕೆ ಸಮೀಕ್ಷೆ 2024ರಲ್ಲಿ ನಡೆಯಿತು. 15ರಿಂದ 59 ವರ್ಷದ ಹೆಂಗಸರಲ್ಲಿ ಶೇ. 41ರಷ್ಟು ಜನ ಮನೆಯವರ ಆರೈಕೆಯ ಕೆಲಸದಲ್ಲಿ ತೊಡಗಿದ್ದರು. ಗಂಡಸರಲ್ಲಿ ಈ ಪ್ರಮಾಣ ಶೇ. 21.4. ತೊಡಗಿದವರೊಳಗೂ ಹೆಂಗಸರು ದಿನಕ್ಕೆ 140 ನಿಮಿಷ, ಗಂಡಸರು 74 ನಿಮಿಷ. ಅಡುಗೆ, ಕಸ, ಪಾತ್ರೆ ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ!

ಈ ಅಂಕಿಗಳ ಹಿಂದೆ ಒಬ್ಬೊಬ್ಬ ಅಮ್ಮನ ದಣಿದ ಮುಖವಿದೆ. ಕೂಗಳತೆಯಲ್ಲಿ ನೆರೆಯವರಿಲ್ಲದ ತೋಟದ ಮನೆಯಲ್ಲಿ ವಾರವೆಲ್ಲ ಮಗುವಿನ ಹಿಂದೆ ಓಡಿದವಳಿಗೆ ಭಾನುವಾರ ಎರಡು ಗಂಟೆ ಯಾರೂ ಕರೆಯದ ಹೊತ್ತು ಸಿಕ್ಕರೆ ಅದೇ ಹಬ್ಬ. ನಿದ್ದೆ ಮಾಡಲಿ, ಓದಲಿ, ತವರಿಗೆ ಫೋನ್ ಮಾಡಲಿ, ಸುಮ್ಮನೆ ಕೂರಲಿ. 'ಇವತ್ತು ನಿನಗೆ ಸಹಾಯ ಮಾಡ್ತೀನಿ' ಎನ್ನುವ ಗಂಡ ಗಂಟೆಗೆ ನಾಲ್ಕು ಸಲ ಟವೆಲ್ ಎಲ್ಲಿ, ಸಕ್ಕರೆ ಎಲ್ಲಿ ಎಂದು ಕೂಗಿದರೆ ಅವಳಿಗೆ ಬಿಡುವೆಲ್ಲಿ? ಮಗುವಿನ ಬಟ್ಟೆ, ಔಷಧಿ, ತಟ್ಟೆ ಎಲ್ಲಿವೆಯೆಂದು ಬಂದೊಡನೆ ನೋಡಿಟ್ಟುಕೊಳ್ಳುವುದು ಅರ್ಧ ಕೆಲಸ ಮುಗಿಸಿದಂತೆ. ಅಮ್ಮಂದಿರಿಗೂ ಒಂದು ಮಾತು: ಅಪ್ಪ ಉಡಿಸಿದ ಅಂಗಿ ತಿರುವುಮುರುವಾಗಿದ್ದರೆ ಇರಲಿ ಬಿಡಿ. ಹಿಂದೆಯೇ ಬಂದು ಸರಿಪಡಿಸಿದರೆ ಮುಂದಿನ ವಾರ ಅವನು ಉಡಿಸುವುದಿಲ್ಲ.

ಕಾನೂನು ಕೂಡ ಅಪ್ಪನನ್ನು ನೆನೆಸಿಕೊಂಡದ್ದು ತಡವಾಗಿಯೇ. ಸ್ವೀಡನ್ 1974ರಲ್ಲೇ ಸಂಬಳಸಹಿತ ಹೆರಿಗೆ ರಜೆಯನ್ನು ತಂದೆ-ತಾಯಿ ಹಂಚಿಕೊಳ್ಳಬಹುದೆಂದಿತು. ನಮ್ಮ ಕೇಂದ್ರ ಸರ್ಕಾರದ ಪುರುಷ ನೌಕರರಿಗೆ 15 ದಿನಗಳ ಪಿತೃತ್ವ ರಜೆ ಬಂದದ್ದು 1990ರ ದಶಕದ ಕೊನೆಗೆ. 2017ರ ತಿದ್ದುಪಡಿ ತಾಯಂದಿರ ರಜೆಯನ್ನು ಮೊದಲ ಎರಡು ಮಕ್ಕಳಿಗೆ 12ರಿಂದ 26 ವಾರಕ್ಕೆ ಏರಿಸಿತು, ಅದರಲ್ಲಿ ತಂದೆಯ ರಜೆಯ ಪ್ರಸ್ತಾಪವೇ ಇರಲಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಅಪ್ಪನ ಪಾಲಿಗೆ ಉಳಿದದ್ದು ಈ ಭಾನುವಾರವೇ.

ಅಣ್ಣ-ಅಕ್ಕಂದಿರಿಗೆ ಒಂದು ಪಾಠ

ಈ ಪುಟ ಓದುತ್ತಿರುವ ವಿದ್ಯಾರ್ಥಿಗಳೇ, ಇದು ಅಪ್ಪ-ಅಮ್ಮಂದಿರ ಮಾತು, ನಮಗೇಕೆ ಎನ್ನಬೇಡಿ. ಮನೆಯಲ್ಲೋ ನೆರೆಮನೆಯಲ್ಲೋ ಒಂದೂವರೆ-ಎರಡು ವರ್ಷದ ಮಗುವಿದ್ದರೆ ಒಂದು ಭಾನುವಾರ ನೋಟ್‌ಬುಕ್ ಹಿಡಿದು ಅದರ ಜೊತೆ ಕಳೆಯಿರಿ. ಆಡಿದ ಪದಗಳನ್ನೆಲ್ಲ ಆಡಿದ ಹಾಗೆಯೇ ಬರೆಯಿರಿ. 'ಮಮ್ಮು', 'ತಾಚಿ', 'ಅಂಬಾ'ಗಳಲ್ಲಿ ಎಷ್ಟು ಹೆಸರು, ಎಷ್ಟು ಕ್ರಿಯೆ? ಯಾವ ಅಕ್ಷರ ನಾಲಿಗೆಗೆ ಬರುತ್ತಿಲ್ಲ? 'ಅಪ್ಪ ಬಾ' ಎಂಬಂಥ ಎರಡು ಪದಗಳ ವಾಕ್ಯ ಬಂದಿದೆಯೇ? ತಿಂಗಳು ಬಿಟ್ಟು ಮತ್ತೆ ಬರೆದು ಹೋಲಿಸಿ ನೋಡಿ. ವ್ಯಾಕರಣದ ಪುಸ್ತಕದಲ್ಲಿ ಒಣಗಿ ಕೂತ ನಾಮಪದ, ಕ್ರಿಯಾಪದಗಳು ಕಣ್ಣೆದುರೇ ಮೊಳೆಯುವುದು ಕಾಣುತ್ತದೆ.

ಇನ್ನೊಂದು ಪುಸ್ತಕವನ್ನೂ ಓದಬಹುದು. ಕುವೆಂಪು ಹುಟ್ಟಿದ್ದು 1904ರಲ್ಲಿ, ಇದೇ ಸೀಮೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅವರ ಮಗ ಪೂರ್ಣಚಂದ್ರ ತೇಜಸ್ವಿ ತಂದೆಯನ್ನು ಕುರಿತು ಬರೆದ ಪುಸ್ತಕ 'ಅಣ್ಣನ ನೆನಪು' 1996ರಲ್ಲಿ ಬಂತು. ಅಪ್ಪನನ್ನು ಅಣ್ಣ ಎನ್ನುವುದು ಆ ಮನೆಯ ರೂಢಿ. ಮಹಾಕವಿಯ ಕಾವ್ಯದ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ, ಮನೆಯೊಳಗಿನ ಅಪ್ಪನನ್ನು ಕಾಣಲು ಮಗನೇ ಬರೆಯಬೇಕಾಯಿತು.

ಆದರೆ ಎಳೆಯ ವಯಸ್ಸಿನ ಭಾನುವಾರಗಳನ್ನು ಯಾವ ಮಗನೂ ಮಗಳೂ ಬರೆಯಲಾರರು. ಮೂರು ವರ್ಷಕ್ಕೂ ಮೊದಲಿನ ದಿನಗಳು ಹೆಚ್ಚಿನವರಿಗೆ ನೆನಪೇ ಇರುವುದಿಲ್ಲ. ಹಾಳೆಯ ಸವಾರಿ, ಬಚ್ಚಲ ಹಾಡು, ಮೇಲೆ ಹಾರಿದ ಹಕ್ಕಿ ಎಲ್ಲವೂ ಮಗುವಿನ ಮನಸ್ಸಿನಿಂದ ಅಳಿಸಿಹೋಗುತ್ತವೆ. ಉಳಿಯುವುದು ಒಂದೇ: ಬಿದ್ದರೆ ಎತ್ತಲು ಇನ್ನೂ ಒಬ್ಬರಿದ್ದಾರೆ ಎಂಬ ಧೈರ್ಯ. ಸಂಗತಿಗಳನ್ನು ನೆನಪಿಡುವ ಕೆಲಸ ಅಪ್ಪನದು. ಆ ದಿನ ಅವನು ಅಲ್ಲಿರಲಿಲ್ಲವೆಂದರೆ ನೆನಪಿಡುವವರೇ ಇಲ್ಲ.

ಹೊರಡುವ ಹೊತ್ತಿನ ಮಾತು

ಸಂಜೆ ಚೀಲ ತುಂಬಿಸುವ ಹೊತ್ತಿಗೆ ಬೆಳಗ್ಗೆ ಸೆರಗಿನ ಹಿಂದೆ ಅಡಗಿದ್ದ ಮಗು ಅಪ್ಪನ ಕಾಲು ಬಿಡುವುದಿಲ್ಲ. ಆಗ ಮನೆಯವರೆಲ್ಲ ಹೂಡುವ ಉಪಾಯ ಒಂದೇ. 'ಅಲ್ಲಿ ನೋಡು ಅಂಬಾ' ಎಂದು ಮಗುವನ್ನು ಕೊಟ್ಟಿಗೆಯ ಕಡೆ ಒಯ್ಯುವುದು, ಅಪ್ಪ ಹಿಂದಿನ ಬಾಗಿಲಿನಿಂದ ಜಾರಿಕೊಳ್ಳುವುದು. ಅಳು ತಪ್ಪಿತೆಂದು ಎಲ್ಲರಿಗೂ ಸಮಾಧಾನ. ಆದರೆ ತಿರುಗಿ ನೋಡಿದ ಮಗುವಿಗೆ ಅಪ್ಪ ಮಾಯ! ಹೇಳದೆ ಹೋದವನು ಮುಂದಿನ ಸಲ ಬಂದಾಗಲೂ ಯಾವಾಗ ಮಾಯವಾಗುತ್ತಾನೋ ಎಂಬ ಅಳುಕು ಅದರೊಳಗೆ ಉಳಿಯುತ್ತದೆ. ಅಪ್ಪ ಹೇಳಿಯೇ ಹೋಗಬೇಕು. ಮಗು ಅತ್ತರೆ ಅಳಲಿ, ಪ್ರೀತಿಸಿದವರು ಹೊರಟರೆ ಅಳು ಬರುವುದು ಸಹಜ.

ನಡುವಿನ ದಿನಗಳಿಗೆ ಫೋನ್ ಇದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಯಾವ ಪರದೆಯೂ ಬೇಡವೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೇಳಿತು. ಅದರಲ್ಲೊಂದು ರಿಯಾಯಿತಿಯೂ ಇದೆ: ಆಗಾಗ ಮನೆಯವರೊಡನೆ ವಿಡಿಯೊ ಕರೆ ಇರಬಹುದು. ತೋಟದ ಮೂಲೆಯಲ್ಲಿ ಸಿಗ್ನಲ್ ಸಿಕ್ಕರೆ ಎರಡು ನಿಮಿಷ ಸಾಕು. 'ಇವತ್ತು ಅಕ್ಕಿ ಬಂತಾ?' ಎಂದು ಕೇಳಿ. ಯಾವ ಅಕ್ಕಿ ಎಂದು ಈಗ ಇಬ್ಬರಿಗೂ ಗೊತ್ತು.

ಕನ್ನಡದಲ್ಲಿ ಮನೆಯಿಂದ ಹೊರಡುವವರು 'ಹೋಗ್ತೀನಿ' ಎನ್ನುವುದಿಲ್ಲ. ಹಾಗೆಂದರೆ ಹಿರಿಯರು ಗದರುತ್ತಾರೆ. 'ಬರ್ತೀನಿ' ಎನ್ನಬೇಕು. ದೊಡ್ಡವರ ಬಾಯಲ್ಲಿ ಅದು ಬರಿಯ ಉಪಚಾರದ ಮಾತಾಗಿಬಿಟ್ಟಿದೆ. ಎರಡು ವರ್ಷದ ಮಗು ಮಾತ್ರ ಅದನ್ನು ಅಕ್ಷರಶಃ ನಂಬುತ್ತದೆ.